ಭಗವಂತನ ಹೆಸರಿಗಿದ್ದ ಉಸಿರು

ನಮ್ಮ ವಾಡಿಯಲ್ಲಿ ಡ್ಯೂಟಿಯ ಮೇಲೆ ನಿದ್ದೆ ಮಾಡಿ ಕೆಲಸ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಎಚ್ಚರವಾಗಿದ್ದು ಕೆಲಸ ಕಳೆದುಕೊಂಡವನು ಭಗವಂತ ಒಬ್ಬನೇ. ಇದಕ್ಕೆ ನನ್ನ ಹಾಜರಿ ಮಸ್ಟರೇ ಸಾಕ್ಷಿ.

ನಾನು ಗುರುಲಿಂಗಯ್ಯ. ಸಿಮೆಂಟ್ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಹಾಜರಿ ಬರೆಯುತ್ತಿದ್ದೇನೆ. ನಡುವೆ ಬೆರಳೊತ್ತುವ ಮಷಿನ್ ಬಂತು. ಆದರೆ ಸಿಮೆಂಟು ತಿಂದ ಬೆರಳುಗಳನ್ನು ಅದು ಗುರುತೇ ಹಿಡಿಯಲಿಲ್ಲ. ಹಾಗಾಗಿ ನನ್ನ ಮಸ್ಟರು ಉಳಿಯಿತು, ಅದರ ಜೊತೆ ನಾನೂ ಉಳಿದೆ. ಇಷ್ಟು ವರ್ಷದಲ್ಲಿ ಅದರಲ್ಲಿ ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ಹೆಮ್ಮೆಗೆ ಹೇಳುತ್ತಿಲ್ಲ. ಹೌದು, ಹೆಮ್ಮೆಗೇ ಹೇಳುತ್ತಿದ್ದೇನೆ.

ಭಗವಂತ ನಮ್ಮ ಸುಣ್ಣಕಲ್ಲಿನ ಗಣಿಯಲ್ಲಿ ಹನ್ನೊಂದನೇ ನಂಬರಿನ ಡಂಪರ್ ಓಡಿಸುತ್ತಿದ್ದ. ಏಣಿ ಹತ್ತಿ ಕೂರಬೇಕಾದ ಸೀಟು, ಎಸಿ ಕ್ಯಾಬಿನ್, ಕಣ್ಣಿಗೆ ಕಪ್ಪು ಕನ್ನಡಕ. ಆ ಸೀಟಿಗೆ ಹಾಸಿದ ಟವೆಲನ್ನು ಬೇರೆ ಡ್ರೈವರ್ ಮುಟ್ಟಿದರೆ ಜಗಳಕ್ಕೇ ನಿಲ್ಲುತ್ತಿದ್ದ. ಅಂಥವನು ಒಂದು ಮಧ್ಯಾಹ್ನ ಕ್ರಷರಿನ ಮುಂದೆ ಗಾಡಿ ನಿಲ್ಲಿಸಿ, ಕಲ್ಲು ಸುರಿಯುವ ಪಾಳಿ ಬರುವಷ್ಟರಲ್ಲಿ ಮಲಗಿಬಿಟ್ಟ. ಗೊರಕೆ ಎಂಥದೆಂದರೆ, ಕ್ರಷರಿನ ಬೇರಿಂಗ್ ಒಡೆದಿದೆ ಎಂದು ಇಬ್ಬರು ಮೆಕ್ಯಾನಿಕ್ಕುಗಳು ಪಾನಾ ಹಿಡಿದು ಓಡಿಬಂದರು. ಕ್ರಷರ್ ಸರಿಯಾಗಿಯೇ ಇತ್ತು. ಕೆಟ್ಟಿದ್ದವನು ಮೇಲೆ ಕ್ಯಾಬಿನ್ನಿನಲ್ಲಿದ್ದ.

ಸೇಫ್ಟಿ ಆಫೀಸರ್ ಅಶೋಕಕುಮಾರ ಸಾಹೇಬರು ಅವನನ್ನು ಕಲಬುರಗಿಯ ಎದೆರೋಗದ ಡಾಕ್ಟರ್ ಶಿವರಂಜನಿಯವರ ಹತ್ತಿರ ಕಳಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವ ಕಾಯಿಲೆ ಎಂದು ಗೊತ್ತಾಯಿತು. ಮೂಗಿಗೆ ಮಾಸ್ಕ್ ಹಾಕಿ, ಕೊಳವೆಯಿಂದ ಗಾಳಿ ಊದುವ ಒಂದು ಮಷಿನನ್ನು ಕೊಟ್ಟರು. ಅದು ಎಷ್ಟು ಹೊತ್ತು ಮಲಗಿದ, ಹೇಗೆ ಉಸಿರಾಡಿದ ಎಂಬುದನ್ನೆಲ್ಲ ಮೊಬೈಲಿಗೂ ಡಾಕ್ಟರರಿಗೂ ತಾನೇ ಕಳಿಸುತ್ತದೆ. ದಿನಕ್ಕೆ ನಾಲ್ಕು ತಾಸಿನಂತೆ ಮೂವತ್ತು ದಿನದ ರಿಪೋರ್ಟು ಸರಿ ಬಂದರೆ ಡಂಪರ್ ವಾಪಸ್. ಅಲ್ಲಿಯವರೆಗೆ ಹೆಲ್ಮೆಟ್ ಕೋಣೆಯಲ್ಲಿ ಕುಳಿತು ಟೋಪಿ ಹಂಚುವ ಕೆಲಸ, ಅದೂ ನೈಟ್ ಶಿಫ್ಟು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು, ನಡುವೆ ಎರಡು ಗಂಟೆಗೆ ಒಮ್ಮೆ ನನ್ನ ಮಸ್ಟರಿನಲ್ಲಿ ಸಹಿ. ಆ ತಿಂಗಳು ನನಗೂ ನೈಟ್ ಶಿಫ್ಟೇ ಇತ್ತು.

ಮಷಿನ್ ಜೋಡಿಸಲು ಬಂದವನು ಆಧಾರ್ ನಂಬರು ತೆಗೆದುಕೊಂಡ, ಮೊಬೈಲಿಗೆ ಬಂದ ಒಟಿಪಿ ಕೇಳಿದ, ಹಿಂಭಾಗಕ್ಕೆ ಹೆಸರಿನ ಚೀಟಿ ಅಂಟಿಸಿದ. "ಇದು ನಿಮ್ಮ ಹೆಸರಿಗೆ ಅದ ನೋಡ್ರಿ" ಎಂದ. ಆ ಮಾತು ಭಗವಂತನ ತಲೆಯಲ್ಲಿ ಹೊಲದ ಪಹಣಿಯ ಹಾಗೆ ದಾಖಲಾಯಿತು. ಬುದ್ಧನ ಫೋಟೋದ ಕೆಳಗಿನ ಹಲಗೆಯ ಮೇಲೆ ಅದನ್ನಿಟ್ಟು, ಬಂದವರಿಗೆಲ್ಲ ತಿರುಗಿಸಿ ಚೀಟಿ ತೋರಿಸಿದ.

"ನನ್ನ ಹೆಸರಿಗೆ ಅದ. ಸುಮ್ಮ ಸುಮ್ಮನ ಎಲ್ಲರಿಗೂ ಕೊಡಂಗಿಲ್ಲ."

ನೈಟ್ ಶಿಫ್ಟಿನವನು ಮಲಗಬೇಕಾದದ್ದು ಹಗಲಲ್ಲಿ. ಮೊದಲ ದಿನ ಬೆಳಿಗ್ಗೆ ಮಾಸ್ಕ್ ಏರಿಸಿ ಮಲಗಿದ. ಎದುರು ಮನೆಯ ಜೈತುನ್‌ಬೀ ಸಕ್ಕರೆ ಕೇಳಲು ಬಂದವಳು ಕಿಟಕಿಯಲ್ಲಿ ಹಣಿಕಿ, ಬಟ್ಟಲನ್ನು ಅಲ್ಲೇ ಬಿಟ್ಟಳು.

"ಯಾ ಅಲ್ಲಾ! ಮಾಣಿಕಕ್ಕ, ಕೊರೊನಾ ವಾಪಸ್ ಬಂತೇನ? ನಿನ್ನ ಗಂಡಗ ಆಕ್ಸಿಜನ್ ಹಚ್ಯಾರಲ್ಲ!"

ಹತ್ತು ನಿಮಿಷದಲ್ಲಿ ಕಿಟಕಿಯ ಹೊರಗೆ ಇಪ್ಪತ್ತು ಮುಖ. ಎರಡನೆಯ ದಿನ ಕರೆಂಟು ಹೋಯಿತು. ಮೂರನೆಯ ದಿನ ಮಾಸ್ಕು ಕಿತ್ತೆಸೆದ. ಮೂರು ದಿನದ ಒಟ್ಟು ನಿದ್ದೆ ನಲವತ್ತು ನಿಮಿಷ. ಅವನಿಗೆ ಕಣ್ಣ ಮುಂದೆ ಹನ್ನೊಂದನೇ ನಂಬರಿನ ಸೀಟು, ಅದರ ಮೇಲೆ ಬೇರೆ ಯಾರದೋ ಟವೆಲು ಕಾಣತೊಡಗಿತು.

ಆಗ ಬುದ್ಧಿ ಕೊಟ್ಟವನು ಬಾಬುಮಿಯಾ, ನಮ್ಮ ಯೂನಿಯನ್ನಿನ ಮುಖಂಡ. ಬುದ್ಧಿ ಕೊಡುವುದು ಅವನ ಹುದ್ದೆ.

"ಭಗವಂತಣ್ಣ, ಮಷಿನಿಗೆ ಬೇಕಾಗಿದ್ದು ಉಸುರು. ಯಾರ ಉಸುರು ಅಂತ ಅದು ಕೇಳ್ತದೇನು? ರಾತ್ರಿ ನೀ ಡ್ಯೂಟಿಗೆ ಹೋಗ್ತಿ, ಭಾಭಿ ಮನ್ಯಾಗ ಮಲಗ್ತಾಳ. ಆಕಿ ಮೂಗಿಗೆ ಹಚ್ಚಿ ಬಾ. ಮೂವತ್ತು ದಿನಾ ಅಷ್ಟೇ."

ಈ ಮಾತು ನನಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ. ಮೊದಲೇ ತಿಳಿದಿದ್ದರೆ ತಡೆಯುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿಲ್ಲ.

ಮಾಣಿಕಮ್ಮಳ ಬಗ್ಗೆ ಹೇಳಬೇಕು. ಭಗವಂತನ ಹೆಂಡತಿ. ಮಗಳು ಲುಂಬಿನಿ ಹುಟ್ಟಿದ ಮರುವರ್ಷದಿಂದ ಹಿಡಿದು ಅವಳನ್ನು ತೆಂಗಳಿ ಊರಿಗೆ ಮದುವೆ ಮಾಡಿಕೊಡುವ ತನಕ, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಮೂಗಿಗೆ ಸೆರಗು ಕಟ್ಟಿಕೊಂಡು ಕಲ್ಲಿನ ಅಂಚು ಕೊಯ್ಯುವ ಕೆಲಸ. ಆಕೆಗೆ ಕೆಮ್ಮು ಇತ್ತು. ಇತ್ತು ಎಂದರೆ, ನಮಗೆಲ್ಲ ಅನುಕೂಲವಾಗಿಯೇ ಇತ್ತು. ನಲ್ಲಿಗೆ ನೀರು ಬಂದಾಗ ಮೊದಲು ಕೊಡ ತುಂಬಿಕೊಂಡು ಹೊರಡುವವಳು ಆಕೆ. ನಡುದಾರಿಯಲ್ಲಿ ಕುಳಿತು ಕೆಮ್ಮುವಳು. ಆ ಕೆಮ್ಮು ಕೇಳಿದ ಕೂಡಲೇ ಕಾಲನಿಯ ಹೆಂಗಸರು, "ಮಾಣಿಕಕ್ಕ ಕೆಮ್ಮಿದಳು, ನೀರು ಬಂತು ಏಳ್ರಿ" ಎಂದು ಕೊಡ ಎತ್ತಿಕೊಳ್ಳುತ್ತಿದ್ದರು. ನನ್ನ ಹೆಂಡತಿಯೂ ಹಾಗೆಯೇ ಏಳುತ್ತಿದ್ದಳು.

ಮಾಣಿಕಮ್ಮ ಮಾಸ್ಕ್ ಹಾಕಿಕೊಂಡು ಮಲಗಿದ ಮೊದಲ ರಾತ್ರಿಯೇ ಆರೂವರೆ ತಾಸು ಬಂತು. ಮೊಬೈಲು ನೂರಕ್ಕೆ ತೊಂಬತ್ತೆರಡು ಅಂಕ ಕೊಟ್ಟಿತು. ಓದಿನಲ್ಲಿ ಎಂದೂ ಮೂವತ್ತೈದು ದಾಟದ ಭಗವಂತ ಆ ಅಂಕವನ್ನು ಚಹಾದಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. ನನಗೂ ತೋರಿಸಿದ.

"ನೋಡ್ರಿ ಅಯ್ಯನೋರೆ, ಡಿಸ್ಟಿಂಕ್ಷನ್!"

"ಭೇಷ್" ಎಂದೆ. ನಿದ್ದೆಯಲ್ಲೂ ಪಾಸು ಮಾಡುವ ಕಾಲ ಬಂತಲ್ಲ ಎಂದು ಸಂತೋಷವೇ ಆಯಿತು.

ಹೀಗೆ ಹನ್ನೆರಡು ರಾತ್ರಿ ಕಳೆದ ಮೇಲೆ ಕಲಬುರಗಿಯಿಂದ ಫೋನು ಬಂತು. ಕೂಡಲೇ ಹೊರಟು ಬನ್ನಿ. ಭಗವಂತ ಬಾಬುಮಿಯಾನ ಜೊತೆ ಹೋದ, ಬಹುಶಃ ಮೂವತ್ತು ದಿನಕ್ಕೆ ಮೊದಲೇ ಪಾಸು ಮಾಡುತ್ತಾರೆ ಎಂದುಕೊಂಡು. ಡಾಕ್ಟರ್ ಶಿವರಂಜನಿಯವರು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು.

"ಹ್ವಾದ ಸಲ ಟೆಸ್ಟಿನಾಗ ನಿಮ್ಮ ಉಸುರು ಪೂರಾ ನಿಂತು ನಿಂತು ಬರ್ತಿತ್ತು. ಈಗ ನಿಲ್ಲಂಗಿಲ್ಲ, ಆದ್ರ ಸಣ್ಣದಾಗ್ಯದ. ಮ್ಯಾಲಿಂದ ಮ್ಯಾಲೆ ತಗೊಂಡು ಬಿಡ್ಲಿಕತ್ತೀರಿ. ಗಂಟಲು ತೆರದೇ ಅದ, ಮಷಿನ್ ಗಾಳಿ ಕೊಡ್ಲಿಕತ್ತದ, ಒಳಗ ಇಳೀಲಿಕತ್ತಿಲ್ಲ. ಇದು ಗಂಟಲಿನ ರೋಗ ಅಲ್ಲ, ಎದಿದು. ಕಲ್ಲಿನ ಧೂಳಿನಾಗ ಎಷ್ಟು ವರ್ಷ ಕೆಲಸ ಮಾಡೀರಿ?"

"ಎಸಿ ಕ್ಯಾಬಿನ್ ರೀ ಮೇಡಂ ನಂದು."

"ಮತ್ತ ಮನ್ಯಾಗ ಬ್ಯಾರೆ ಯಾರರೆ ಇದನ್ನ ಹಾಕ್ಕೋತಾರೇನು?"

"ಇಲ್ಲರಿ!" ಎಂದ ಭಗವಂತ, ಕೇಳಿ ಮುಗಿಯುವ ಮೊದಲೇ. "ನನ್ನ ಹೆಸರಿಗೆ ಅದರಿ."

ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು ಕೇಳಿದರು, ಬೆನ್ನಿಗಿಟ್ಟು ಕೇಳಿದರು, ಹುಬ್ಬು ಗಂಟಿಕ್ಕಿದರು. ಎಂಟು ದಿನದೊಳಗೆ ಎಕ್ಸರೇ ತೆಗೆಸಿ ತರಬೇಕೆಂದು ಚೀಟಿ ಬರೆದರು. "ಉದಾಸೀನ ಮಾಡಬ್ಯಾಡ್ರಿ. ಈ ಉಸುರು ನನಗ ಬರೋಬರಿ ಕಾಣಂಗಿಲ್ಲ" ಎಂದರು.

ವಾಪಸ್ ಬರುವ ರೈಲಿನಲ್ಲಿ ಬಾಬುಮಿಯಾ ಮೆಲ್ಲಗೆ ಕೇಳಿದ. "ಭಗವಂತಣ್ಣ, ಮಲಗಿದ್ದು ಭಾಭಿ ಅಲ್ಲೇನು?"

"ಮಲಗಿದ್ದು ಯಾರಾದ್ರೇನು? ಮಷಿನ್ ಯಾರ ಹೆಸರಿಗೆ ಅದ? ಬಾಡಿಗಿದಾರ ಲೈಟ್ ಹಚ್ಚಿದ್ರೂ ಕರೆಂಟ್ ಬಿಲ್ಲು ಮಾಲಕನ ಹೆಸರಿಗೇ ಬರ್ತದೋ ಇಲ್ಲೋ? ಆಧಾರ್ ನಂದು, ಒಟಿಪಿ ನಂದು. ರೋಗಾನೂ ನಂದೇ."

ಇದನ್ನು ಮೂರ್ಖತನ ಎಂದು ನಗುವವರು ನಗಲಿ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನಿಗೆ ಹಸಿವೆ ಇಲ್ಲ, ಆಸ್ಪತ್ರೆಯ ಕಾರ್ಡಿನಲ್ಲಿ ಹೆಸರಿಲ್ಲದವನಿಗೆ ಜ್ವರ ಇಲ್ಲ ಎನ್ನುವ ಕೌಂಟರುಗಳ ಮುಂದೆ ನಲವತ್ತು ವರ್ಷ ಪಾಳಿ ಹಚ್ಚಿದ ಮನುಷ್ಯ ಮತ್ತೇನು ಯೋಚಿಸಬೇಕು? ಬುದ್ಧಿ ಕೊಟ್ಟವನು ತಾನೇ ಆದ್ದರಿಂದ, ಬಾಬುಮಿಯಾ ಚಹಾ ಮಾರುವವನನ್ನು ಕರೆದ.

ರೈಲು ಶಹಾಬಾದ್ ಮುಟ್ಟುವಷ್ಟರಲ್ಲಿ ಭಗವಂತನಿಗೆ ಎದೆ ಬಿಗಿಯಿತು. ವಾಡಿಯಲ್ಲಿ ಇಳಿಯುವಾಗ ಕೆಮ್ಮು ಶುರುವಾಗಿತ್ತು. ಮನೆಯ ತನಕ ಬಾಬುಮಿಯಾನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದ. ಎಕ್ಸರೇ ಚೀಟಿಯನ್ನು ಬುದ್ಧನ ಫೋಟೋದ ಹಿಂದೆ ಸಿಕ್ಕಿಸಿದ. ತೆಗೆಸಿದರೆ ಎಲ್ಲಿ ಪಕ್ಕಾ ಆಗಿಬಿಡುತ್ತದೋ ಎಂಬ ಹೆದರಿಕೆ.

ಮಾಣಿಕಮ್ಮಳೂ ಅವನ ಮಾತನ್ನೇ ನಂಬಿದಳು. ರೋಗ ಗಂಡನದು. ಆಮೇಲಿನ ಎಂಟು ದಿನ ಆ ಮನೆ ಒಂದು ಛತ್ರವಾಯಿತು. ಚಿಂಚೋಳಿಯಿಂದ ಅವನ ಅಕ್ಕ ಅಂಬುಬಾಯಿ ಬಂದಳು. ಬಾಗಿಲಲ್ಲೇ ಎದೆ ಬಡಿದುಕೊಂಡಳು.

"ಯಪ್ಪಾ ತಮ್ಮಾ, ಧೂಳು ತಿಂದು ನಮಗೆಲ್ಲ ಅನ್ನ ಹಾಕ್ದಿ! ಏ ಮಾಣಿಕಾ, ನಿಂತು ಏನ್ ನೋಡ್ತಿ, ಅವನಿಗಿ ಬೆನ್ನು ತಿಕ್ಕು! ಬಂದವರಿಗಿ ಜರಾ ಚಹಾ ಇಡು!"

ಮಾಣಿಕಮ್ಮ ಬೆನ್ನು ತಿಕ್ಕಿದಳು, ಚಹಾ ಇಟ್ಟಳು. ನಾನೂ ಹೋಗಿದ್ದೆ. ಭಗವಂತ ದಿಂಬಿಗೆ ಒರಗಿ, ತನ್ನ ಟವೆಲನ್ನು ಯಾರಿಗೆ ಕೊಡಬೇಕೆಂದು ಹೇಳುತ್ತಿದ್ದ. ಹನ್ನೊಂದನೇ ನಂಬರಿನ ಬ್ರೇಕು ಎಡಕ್ಕೆ ಎಳೆಯುತ್ತದೆ, ಮುಂದೆ ಬರುವವನಿಗೆ ಹೇಳಿರಿ ಎಂದು ಕಣ್ಣೀರು ಹಾಕಿದ. ನಾವು ಹದಿನಾಲ್ಕು ಜನ ಕುರ್ಚಿ, ಚಾಪೆ, ಹೊಸ್ತಿಲ ಮೇಲೆ ಕುಳಿತು ಲೊಚಗುಟ್ಟಿದೆವು. ಎಣಿಸುವುದು ನನ್ನ ರೂಢಿ. ಮಾಣಿಕಮ್ಮ ಚಹಾದ ತಾಟು ಹಿಡಿದು ಒಲೆಯಿಂದ ಬಾಗಿಲಿಗೆ ಬರುವ ಹತ್ತು ಹೆಜ್ಜೆಯಲ್ಲಿ ಮೂರು ಸಲ ನಿಂತಳು. ಎಣಿಸಿದೆ, ಕಪ್ಪು ತೆಗೆದುಕೊಂಡೆ, ಕುಡಿದೆ. ಸಕ್ಕರೆ ಕಡಿಮೆ ಎಂದೂ ಹೇಳಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಜೈತುನ್‌ಬೀ ಒಬ್ಬಳೇ ಕೇಳಿದಳು. "ಮಾಣಿಕಕ್ಕ, ನಿನ್ನ ತುಟಿ ಯಾಕ ನೀಲಿ ಆಗ್ಯಾವ? ಆ ಮಷಿನ್ ನೀ ಹಾಕ್ಕೊಂಡಾಗ ಜರಾ ಹಗುರ ಅನ್ನಸ್ತದ ಅಂದಿದ್ದಿ ಅಲ್ಲೇನ?"

"ಅನ್ನಸ್ತಿತ್ತವಾ. ಈಗ ಬಿಟ್ಟೀನಿ. ಮದಲೇ ಅವರಿಗಿ ಉಸುರು ಸಾಲವಲ್ದು. ಅವರ ಪಾಲಿನ ಗಾಳಿ ನಾ ತಿಂದ್ರ ಹ್ಯಾಂಗ?"

ಇದನ್ನು ಜೈತುನ್‌ಬೀ ನನ್ನ ಹೆಂಡತಿಗೆ ಹೇಳಿದಳು, ನನ್ನ ಹೆಂಡತಿ ನನಗೆ ಹೇಳಿದಳು. ನಾನು ಊಟ ಮಾಡುತ್ತಿದ್ದೆ. ಹೂಂ ಎಂದೆ.

ನಮ್ಮ ಯಾರಿಂದಲೂ ಆಗದ ಕೆಲಸ ಕೊನೆಗೆ ಆದದ್ದು ಅಶೋಕಕುಮಾರ ಸಾಹೇಬರ ಸಂಶಯದಿಂದ. ಅವರು ಒಳ್ಳೆಯತನದಿಂದ ಮಾಡಿದ್ದಲ್ಲ. ಕ್ಲಿನಿಕ್ಕಿನಿಂದ ಬಂದ ರಿಪೋರ್ಟನ್ನು ಹಿಡಿದು ಒಂದು ಬೆಳಿಗ್ಗೆ ಟೈಮ್ ಆಫೀಸಿಗೆ ಬಂದರು, ಮಸ್ಟರು ತೆಗೆಸಿದರು. ಭಗವಂತನನ್ನೂ ಯೂನಿಯನ್ ಪರವಾಗಿ ಬಾಬುಮಿಯಾನನ್ನೂ ಕರೆಸಿದರು. ಭಗವಂತ ಕೆಮ್ಮುತ್ತ ಬಂದು, ಕುರ್ಚಿ ಹಿಡಿದುಕೊಂಡು ನಿಂತ.

"ಕುಂದ್ರಿ. ಒಂಬತ್ತನೇ ತಾರೀಖು ರಾತ್ರಿ ಹತ್ತೂವರೆಯಿಂದ ಐದರ ತನಕ ನೀವು ಮಲಗೀರಿ ಅಂತ ಮಷಿನ್ ಹೇಳ್ತದ. ಅದೇ ರಾತ್ರಿ ಎರಡಕ್ಕ ಹೆಲ್ಮೆಟ್ ರೂಮಿಂದ ಬಂದು ಇಲ್ಲಿ ಸಹಿ ಮಾಡೀರಿ. ಹನ್ನೆರಡು ರಾತ್ರಿನೂ ಇದೇ ಹಾಡು. ಡ್ಯೂಟಿ ಮ್ಯಾಲೆ ಮಷಿನ್ ತಂದು ಮಲಗಿದ್ರೇನು? ಕಂಪನಿ ಕರೆಂಟಿನಾಗ? ಇಲ್ಲಾಂದ್ರ ಈ ಮಸ್ಟರ್ ಸುಳ್ಳೇನು?"

ನನ್ನ ರಕ್ತ ಕುದಿಯಿತು. ಇಪ್ಪತ್ತಾರು ವರ್ಷ!

"ಸಾಹೇಬ್ರೆ, ಮಸ್ಟರಿನ ಸುದ್ದಿಗಿ ಬರಬ್ಯಾಡ್ರಿ! ಹನ್ನೆರಡು ರಾತ್ರಿನೂ ಎರಡಕ್ಕ ಇವ ನನ್ನ ಮುಂದ ನಿಂತು ಸಹಿ ಮಾಡ್ಯಾನ. ಎಚ್ಚರ ಇದ್ದ. ಸೊಳ್ಳಿ ಕಡಿತಾವ ಅಂತ ನನ್ನ ತಲಿ ತಿಂದಾನ. ಯಾವ ಮಠದಾಗ ಬೇಕಾದ್ರೂ ಆಣಿ ಮಾಡ್ತೀನಿ!"

"ಹಂಗಾದ್ರ ಮಲಗಿದವರು ಯಾರು?"

ಬಾಬುಮಿಯಾ ಫ್ಯಾನು ನೋಡತೊಡಗಿದ. ಭಗವಂತ ಕೆಮ್ಮು ನಿಲ್ಲಿಸಿ, ಎಲ್ಲರಿಗೂ ಸಮಾಧಾನ ಹೇಳುವವನಂತೆ ಹೇಳಿದ. "ಮಲಗಿದಾಕಿ ಮಾಣಿಕಮ್ಮರಿ, ನನ್ನ ಹೇಣ್ತಿ. ತಪ್ಪಾಗ್ಯದ. ಆದ್ರ ರೋಗ ನಂದೇ ಅದರಿ ಸಾಹೇಬ್ರೆ, ಅದರಾಗೇನು ಮೋಸ ಇಲ್ಲ. ಮಷಿನ್ ನನ್ನ ಹೆಸರಿಗೆ ಅದ."

ಸಾಹೇಬರು ರಿಪೋರ್ಟನ್ನು ನೋಡಿದರು, ಅವನನ್ನು ನೋಡಿದರು. ಅವರೂ ಅಂಥ ಚುರುಕಿನ ಮನುಷ್ಯರಲ್ಲ. ಆದರೂ ಕೊನೆಗೆ ರಿಪೋರ್ಟಿನ ಮೇಲೆ ಬೆರಳಿಟ್ಟು ಕೇಳಿದರು.

"ಭಗವಂತ, ಉಸುರು ಆಡಿದವರು ಯಾರು?"

"ಆಕಿರಿ."

"ಮತ್ತ ಎದಿ ಯಾರದು ಕೆಟ್ಟದ?"

ಭಗವಂತನ ಕೈ ತಾನಾಗಿ ತನ್ನ ಎದೆಯ ಮೇಲೆ ಹೋಯಿತು, ಅಲ್ಲಿ ಏನನ್ನೋ ಹುಡುಕಿತು, ಸಿಗದೆ ಕೆಳಗೆ ಬಿತ್ತು. ಅವನ ಕೆಮ್ಮು ಅಲ್ಲಿಗೇ ನಿಂತದ್ದು ಇವತ್ತಿನವರೆಗೂ ಬಂದಿಲ್ಲ.

"ಆಕಿ ಒಲಿ ಮುಂದ ಕುಂತಾಳ್ರಿ," ಎಂದ. "ನಮ್ಮಕ್ಕ ಬಂದಾಳ, ಹತ್ತು ಮಂದಿ ಕುಂತಾರ. ರೊಟ್ಟಿ ಬಡಿಲಿಕತ್ತಾಳ್ರಿ."

ಓಡಲು ಎದ್ದವನನ್ನು ಸಾಹೇಬರು ತಡೆದರು. ಹೇಳಿಕೆ ಬರೆದುಕೊಟ್ಟು ಹೋಗಬೇಕು. ಬಾಬುಮಿಯಾ ಅವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಡ್ಯೂಟಿ ಮ್ಯಾಲೆ ನಾನೇ ಮಲಗಿದ್ದೆ ಅಂತ ಬರಿ. ಎಂಟು ದಿನ ಸಸ್ಪೆಂಡ್, ಆಮ್ಯಾಲೆ ನಿನ್ನ ಡಂಪರ್ ನಿನಗ. ಹೇಣ್ತಿ ಉಸುರು ಕೊಟ್ಟೆ ಅಂತ ಬರದಿ, ಕಂಪನಿಗಿ ಮೋಸ ಮಾಡಿದಂಗ ಆಗ್ತದ, ನೌಕರಿ ಹೋಯ್ತು. ಭಾಭಿನ್ನ ದವಾಖಾನಿಗಿ ಹ್ಯಾಂಗೂ ಒಯ್ಯೋಣು."

ನನಗೂ ಅದೇ ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಮಸ್ಟರು ಸುಳ್ಳಾದರೂ ಆಗಲಿ ಎಂದು ಒಂದು ಗಳಿಗೆ ನನ್ನ ಮನಸ್ಸು ಒಪ್ಪಿತ್ತು.

ಭಗವಂತ ತಲೆ ಅಲ್ಲಾಡಿಸಿದ. "ಹಂಗ ಬರದ್ರ ಉಸುರು ನಂದು ಅಂತ ಆಗ್ತದ. ಆಕಿದು ಎಲ್ಲೂ ಇರಂಗಿಲ್ಲ. ಕಾಗದದಾಗ ಇಲ್ಲದ್ದಕ್ಕ ಯಾರು ದವಾ ಕೊಡ್ತಾರ ಬಾಬುಮಿಯಾ? ಅಯ್ಯನೋರೆ, ನೀವು ಬರೀರಿ. ನೀವು ಬರದ್ರ ಕಾಟು ಇರಂಗಿಲ್ಲ."

ಅವನು ಹೇಳಿದ, ನಾನು ಬರೆದೆ. 'ಸದರಿ ಹನ್ನೆರಡು ರಾತ್ರಿಯ ಉಸಿರು ನನ್ನದಲ್ಲ. ಅದು ನನ್ನ ಹೆಂಡತಿ ಮಾಣಿಕಮ್ಮಳದು.' ಸಹಿ ಮಾಡಿದ, ಓಡಿದ. ನಾನೂ ಮಸ್ಟರನ್ನು ತೆರೆದೇ ಬಿಟ್ಟು ಅವನ ಹಿಂದೆ ಓಡಿದೆ. ನನಗೆ ಐವತ್ತೇಳು ವರ್ಷ, ಅವತ್ತು ಓಡಿದ್ದೇ ಕೊನೆ.

ಮಾಣಿಕಮ್ಮ ಒಲೆಯ ಮುಂದೆ ಗೋಡೆಗೆ ಒರಗಿ ಕುಳಿತಿದ್ದಳು. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಭಗವಂತ ಆಕೆಯ ಮುಂದೆ ಕುಕ್ಕರಿಸಿ, ರೋಗ ನಂದಲ್ಲ, ನಿಂದು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ. ಆಕೆ ಅವನ ಮುಖವನ್ನೇ ನೋಡಿದಳು.

"ಹಂಗಾದ್ರ ನಿಮಗ ಏನೂ ಇಲ್ಲೇನ್ರಿ? ಖರೇ?"

"ಏನೂ ಇಲ್ಲ."

ಮಾಣಿಕಮ್ಮ ನಕ್ಕಳು. ಸೆರಗು ಬಾಯಿಗೆ ಇಟ್ಟುಕೊಂಡು, ಕೆಮ್ಮಿ ಕೆಮ್ಮಿ ನಕ್ಕಳು. ಎಂಟು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು ಎಂದಳು. ಇಳಿಯದ ಕಲ್ಲು ಯಾವುದು ಎಂದು ಆಕೆಗೆ ಇನ್ನೂ ಹೊಳೆದಿರಲಿಲ್ಲ.

ಹೊರಕೋಣೆಯಲ್ಲಿ ಅಂಬುಬಾಯಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಎಂಟು ದಿನ ಅತ್ತದ್ದು ತಪ್ಪು ಮನುಷ್ಯನಿಗೆ ಎಂದರೆ ಯಾರಿಗಾದರೂ ಕಷ್ಟವೇ. ಆದರೆ ಗಟ್ಟಿ ಹೆಂಗಸು. ಮೂಗು ಒರೆಸಿಕೊಂಡು, "ಯವ್ವಾ ಮಾಣಿಕಾ, ಧೂಳು ತಿಂದು ನಮಗೆಲ್ಲ ಅನ್ನ ಹಾಕ್ದಿ!" ಎಂದು ಮೊದಲಿನಿಂದ ಶುರು ಮಾಡಿದಳು. ಕುಳಿತವರು ಕುರ್ಚಿಗಳನ್ನು ಮಂಚದ ಕಡೆಯಿಂದ ಒಲೆಯ ಕಡೆಗೆ ತಿರುಗಿಸಿಕೊಂಡರು. ಅಭ್ಯಾಸದ ಬಲ ನೋಡಿ, ಅವರಲ್ಲೊಬ್ಬರು, "ಮಾಣಿಕಮ್ಮ, ಜರಾ ನೀರು ಕೊಡವಾ" ಎಂದರು. ಆಕೆ ಏಳಲು ಹೊರಟಳು. ಭಗವಂತ ಹೊರಗೆ ಬಂದು ಎಲ್ಲರನ್ನೂ ಬಾಯಿಗೆ ಬಂದಂತೆ ಬೈದು ಓಡಿಸಿದ. ಆ ಬೈಗಳನ್ನು ಅಚ್ಚು ಮಾಡುವ ಹಾಗಿಲ್ಲ.

ಮಾಣಿಕಮ್ಮಳ ಎಕ್ಸರೇ ಆಯಿತು. ಎದೆಯ ಎರಡೂ ಕಡೆ ಕಲ್ಲಿನ ಧೂಳು ಕೂತು ಗಟ್ಟಿಯಾಗಿದೆ, ಕೂತದ್ದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ಪರಿಹಾರಕ್ಕೆ ಅರ್ಜಿ ಹಾಕಬಹುದು, ಆದರೆ ಪಾಲಿಶ್ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಶಹಾಬಾದಿಗೆ ನಾನೇ ಹೋದೆ. ಹಾಜರಿ ನನ್ನ ವಿದ್ಯೆ ತಾನೇ. ಮಾಲೀಕನು ಮರ್ಯಾದೆಯಿಂದಲೇ ಹಳೆಯ ಪುಸ್ತಕಗಳನ್ನು ಮುಂದಿಟ್ಟ. ಹತ್ತೊಂಬತ್ತು ವರ್ಷದ ಒಂದೊಂದು ಹಾಳೆಯನ್ನೂ ತಿರುವಿದೆ. ಗಂಡಾಳುಗಳ ಹೆಸರುಗಳಿದ್ದವು. ಅವುಗಳ ಕೆಳಗೆ ದಿನಾ ಒಂದೇ ಸಾಲು: 'ಹೆಣ್ಣಾಳು ಆರು.' ಕೆಲವು ದಿನ ಐದು. ಆ ದಿನ ಬರದೆ ಉಳಿದವಳು ಯಾರೆಂದು ಕೂಡ ಬರೆದಿರಲಿಲ್ಲ. ಪುಸ್ತಕದಲ್ಲಿ ಒಂದೂ ಕಾಟು ಇರಲಿಲ್ಲ, ಅಚ್ಚುಕಟ್ಟಾಗಿತ್ತು. ನನಗೆ ನನ್ನ ಮಸ್ಟರಿನ ಮೇಲೆಯೇ ವಾಕರಿಕೆ ಬಂತು.

ಕ್ಲಿನಿಕ್ಕಿನವರು ಮಾಣಿಕಮ್ಮಳಿಗೆ ಬೇರೆ ಮಷಿನ್ ಕೊಟ್ಟರು, ಗಾಳಿಯನ್ನು ಒಳಕ್ಕೆ ಒತ್ತಿ ಬಿಡುವಂಥದು. ಕೌಂಟರಿನಲ್ಲಿದ್ದ ಹುಡುಗಿ ಹೆಸರು ಬರೆದು, ಚೀಟಿ ಅಂಟಿಸಿದಳು. ಮಾಣಿಕಮ್ಮ ಆ ಚೀಟಿಯ ಮೇಲೆ ಬೆರಳಾಡಿಸಿದಳು.

"ಇದು ನನ್ನ ಹೆಸರೇನವಾ? ಅವರ ಹೆಸರು ಬ್ಯಾಡೇನು?"

"ಬ್ಯಾಡರಿ ಅಮ್ಮಾ. ನಿಮ್ಮದೇ."

"ಮನಿ ಅವರ ಹೆಸರಿಗೆ, ಗ್ಯಾಸ್ ಅವರ ಹೆಸರಿಗೆ," ಎಂದು ಆಕೆ ನಿಂತು ನಿಂತು ಹೇಳಿದಳು. "ನನ್ನ ಹೆಸರಿಗಿ ಅಂತ ಬಂದಿದ್ದು ಇದೇ ಮದಲ್ನೇದು ನೋಡ್ರಿ."

ಭಗವಂತ ಗೋಡೆಯ ಕಡೆ ತಿರುಗಿ ನಿಂತ.

ನೌಕರಿ ಹೋಯಿತು. ಹನ್ನೊಂದನೇ ನಂಬರಿನ ಮೇಲೆ ಈಗ ಬೇರೆಯವನ ಟವೆಲಿದೆ. ನಲ್ಲಿಗೆ ನೀರು ಬಂದರೆ ಭಗವಂತನೇ ಕೊಡ ಹೊರುತ್ತಾನೆ. ಕೆಮ್ಮು ಕೇಳದೆ ಕಾಲನಿಯ ಅರ್ಧ ಹೆಂಗಸರಿಗೆ ನೀರು ತಪ್ಪುತ್ತದೆ. ತಿಂಗಳ ಒಂದನೇ ತಾರೀಖು ಅವನು ನನ್ನ ಹತ್ತಿರ ಬಂದು ಮಸ್ಟರಿನ ಒಂದು ಖಾಲಿ ಹಾಳೆ ಕೇಳುತ್ತಾನೆ. ಮೇಲೆ ಮಾಣಿಕಮ್ಮ ಎಂದು ಪೂರಾ ಹೆಸರು ಬರೆದು, ಆಕೆ ಮಲಗಿದಾಗ ತಾಸಿಗೊಮ್ಮೆ ಉಸಿರು ಎಣಿಸಿ, ಹಾಜರಿ ಗುರುತು ಹಾಕುತ್ತಾನೆ. ಕಂಪನಿಯ ಹಾಳೆ ಹೊರಗೆ ಕೊಡುವುದು ತಪ್ಪು. ಕೊಡುತ್ತಿದ್ದೇನೆ.

ಇವತ್ತು ಒಂದನೇ ತಾರೀಖು. ಐದನೆಯ ಹಾಳೆಗೆ ನಾನೇ ಗೆರೆ ಎಳೆದು ಇಟ್ಟುಕೊಂಡು ಬೆಳಿಗ್ಗೆಯಿಂದ ಗೇಟು ನೋಡುತ್ತ ಕುಳಿತಿದ್ದೆ. ಹತ್ತಾಯಿತು, ಹನ್ನೊಂದಾಯಿತು. ಗೇಟಿನ ತನಕ ಹೋಗಿ ಬಂದೆ. ಹನ್ನೊಂದೂವರೆಗೆ ಬಂದ. ಕಣ್ಣು ಕೆಂಪಗೆ, ಗಡ್ಡ ಬಿಟ್ಟಿದೆ.

"ಹಾಳಿ ಕೊಡ್ರಿ ಅಯ್ಯನೋರೆ."

"ಕೊಡ್ತೀನಿ ಮಾರಾಯಾ. ನಿನ್ನ ಮಾರಿ ನೋಡ್ಕೊ. ನಿನಗೂ ಒಂದು ಮಷಿನ್ ಅದಲ್ಲ, ಹಾಕ್ಕೊಂಡು ಎರಡು ತಾಸು ಮಲಗು."

"ಕೆಲಸದ ಕೂಡ ಅದನ್ನೂ ವಾಪಸ್ ಒಯ್ದಾರ್ರಿ." ಹಾಳೆಯನ್ನು ಮಡಚದೆ ಜೋಪಾನವಾಗಿ ಕಂಕುಳಲ್ಲಿ ಇಟ್ಟುಕೊಂಡ. "ನಾ ಮಲಗಿದ್ರ ಗೊರಕಿ ಹೊಡಿತೀನಿ. ಗೊರಕಿ ಹೊಡದ್ರ ಆಕಿದು ಕೇಳಂಗಿಲ್ಲ."